ಕೆರೆಗೆ ಬೆನ್ನು ಹಾಕಿ ಎಳೆದವರು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆ ಯಾರೋ ಹೇಳಿ ನಿಮಗೆ ತಿಳಿಯುವುದು ಬೇಡ. ಬಸ್ಸಿನಲ್ಲಿ ಕಂಡಕ್ಟರ್ ಆಗಿ ಅರ್ಧ ಆಯುಷ್ಯ ಕಳೆದವಳ ಬಾಯಿ ಹೇಗಿರಬೇಕೋ ಹಾಗೇ ಇದೆ ನನ್ನ ಬಾಯಿ. ಡಿಪೋದಲ್ಲಿ ನನಗೆ 'ಹಾರ್ನು' ಎಂದು ಹೆಸರಿಟ್ಟಿದ್ದಾರೆ. ಹಾಗೆ ಕರೆದ ಡ್ರೈವರೊಬ್ಬನನ್ನು ಒಮ್ಮೆ ಬಸ್ಸಿನ ಮೆಟ್ಟಿಲಿನಿಂದ ತಳ್ಳಿದ್ದೆ. ಆದರೂ ಹೆಸರು ಹೋಗಲಿಲ್ಲ, ಈಗ ನಾನೇ ಹಾಗೆ ಹೇಳಿಕೊಳ್ಳುತ್ತೇನೆ.

ನಮ್ಮ ಬೀದಿಯ ಹಿಂದೆ ಕೆರೆ. ನೋಡಿದವರು ಅದನ್ನು ಕೆರೆ ಎಂದು ನಂಬುವಂತಿರಲಿಲ್ಲ. ಈ ದಡದಿಂದ ಆ ದಡದವರೆಗೆ ಅಂತರಗಂಗೆ ಕಳೆ ಹೆಣೆದುಕೊಂಡು, ನೀರೆಂಬುದೇ ಕಾಣದೆ, ಸೊಂಪಾದ ಗದ್ದೆಯ ಹಾಗೆ ಕಾಣುತ್ತಿತ್ತು. ಒಂದು ಬಡಪಾಯಿ ಹಸು ಹಾಗೇ ಅಂದುಕೊಂಡು ಮೇಯಲು ಇಳಿದು ಮುಳುಗಿಹೋಯಿತು. ಕೆಳಗೆ ಊರಿನ ಚರಂಡಿಯೆಲ್ಲ ಬಂದು ಸೇರಿದ ಕಪ್ಪು ನೀರು. ಸಂಜೆ ಕಿಟಕಿ ತೆಗೆದರೆ ಗಬ್ಬು ನಾತ, ತಟ್ಟೆಯಲ್ಲಿ ಅನ್ನಕ್ಕಿಂತ ಸೊಳ್ಳೆ ಜಾಸ್ತಿ. ಅದೂ ಸಾಲದೆಂಬಂತೆ ಮೂಡಣ ದಡದಲ್ಲಿ ಗುಜರಿ ಸಾಹುಕಾರ ತನ್ನ ಯಾರ್ಡು ದೊಡ್ಡದು ಮಾಡಲು ದಿನಾ ಟಿಪ್ಪರಿನಲ್ಲಿ ಒಡೆದ ಮನೆಗಳ ಇಟ್ಟಿಗೆ, ಕಾಂಕ್ರೀಟು, ಕಂಬಿ, ತಂತಿ ತರಿಸಿ ಕೆರೆಗೆ ಸುರಿಸುತ್ತಿದ್ದ. ದಡದಲ್ಲಿದ್ದ ಮರಗಳೆಲ್ಲ ಆ ರಾಶಿಯ ಕೆಳಗೆ ಹೂತುಹೋದವು. ಕಚೇರಿಗಳಿಗೆ ಅಲೆದು ಅಲೆದು ಕಾಲು ಬಿದ್ದುಹೋದ ಮೇಲೆ ಬೀದಿಯವರೇ ಸೇರಿ ಕೆರೆಗೆ ಇಳಿದೆವು. ರಜೆಯ ದಿನ ಬೆಳಿಗ್ಗೆ ಯಾರ ಮನೆಯಲ್ಲೂ ಯಾರೂ ಮಲಗುವಂತಿರಲಿಲ್ಲ. ನಾನೇ ಬೀದಿಯ ತುದಿಯಲ್ಲಿ ನಿಂತು ಕೂಗುತ್ತಿದ್ದೆ.

ಕಳೆ ತೆಗೆಯುವುದಕ್ಕೆ ನಾವೇ ಒಂದು ಉಪಾಯ ಕಂಡುಕೊಂಡಿದ್ದೆವು. ಗರಗಸದಿಂದ ಕಳೆಯನ್ನು ಒಂದು ಕೋಣೆಯಷ್ಟು ಅಗಲಕ್ಕೆ ಕುಯ್ಯುವುದು. ಆ ತುಂಡಿಗೆ ನಾವು ಚಾಪೆ ಎನ್ನುತ್ತಿದ್ದೆವು. ಚಾಪೆಗೆ ದಪ್ಪ ಹಗ್ಗ ಬಿಗಿದು, ಅದನ್ನು ಹೆಗಲ ಮೇಲೆ ಹಾಕಿಕೊಂಡು, ಕೆರೆಗೆ ಬೆನ್ನು ಹಾಕಿ, ಒಬ್ಬರ ಹಿಂದೆ ಒಬ್ಬರು ಸಾಲಾಗಿ ದಡ ಹತ್ತುತ್ತ ಎಳೆಯುವುದು. ಚಾಪೆ ದಡದ ಕಡೆ ಜರುಗಿದ ಹಾಗೆ ಅದರ ಹಿಂದೆ, ಉಳಿದ ಕಳೆಗೂ ಇದಕ್ಕೂ ನಡುವೆ, ಒಂದು ಕಿಂಡಿ ಬಿಡುತ್ತದೆ. ಆ ಕಿಂಡಿಯಲ್ಲಿ ಒಬ್ಬರು ನೀರಿಗಿಳಿದು, ಚಾಪೆಯ ಕೆಳಗೆ ಮುಳುಗಿ, ಬೇರುಗಳಿಗೆ ಸಿಕ್ಕಿಕೊಂಡ ತಂತಿ, ಕಂಬಿ ಬಿಡಿಸಬೇಕು. ಉಸಿರು ಮುಗಿದಾಗ ಕಿಂಡಿಗೆ ಬಂದು ಉಸಿರು ತೆಗೆದುಕೊಂಡು ಮತ್ತೆ ಮುಳುಗಬೇಕು. ಅಷ್ಟು ಹೊತ್ತೂ ಹಗ್ಗ ಬಿಗಿಯಾಗಿರಬೇಕು. ಹಗ್ಗ ಸಡಿಲವಾಯಿತೋ, ಇಷ್ಟು ಹೊತ್ತು ಎಳೆಸಿಕೊಂಡ ಚಾಪೆ ವಾಪಸ್ಸು ಹೋಗಿ ಕಿಂಡಿಯನ್ನು ಮುಚ್ಚುತ್ತದೆ. ಒಳಗಿರುವವರ ತಲೆಯ ಮೇಲೆ ಬಾಗಿಲು ಹಾಕಿದ ಹಾಗೆ.

ನೀರಿಗೆ ಇಳಿಯುವವಳು ನಮ್ಮಕ್ಕ.

ಅಕ್ಕ ದರ್ಜಿ. ಅಪ್ಪ ಅಮ್ಮ ಹೋದ ಮೇಲೆ ಹೊಲಿಗೆ ಯಂತ್ರ ತುಳಿದು ತುಳಿದು ನನ್ನನ್ನೂ ತಮ್ಮನನ್ನೂ ಸಾಕಿದವಳು. ಮದುವೆಗಿದುವೆ ಅಂತ ಹೋಗಲಿಲ್ಲ. ಕೇಳಿದರೆ, "ಎರಡು ಕತ್ತೆ ಸಾಕಿದ್ದೀನಿ, ಮೂರನೇದು ಯಾಕೆ?" ಎನ್ನುತ್ತಿದ್ದಳು. ಕೆರೆ ಚೆನ್ನಾಗಿದ್ದ ಕಾಲದಲ್ಲಿ ಈಜು ಕಲಿತಿದ್ದಳು. ಕಪ್ಪು ನೀರಿಗೆ ಇಳಿಯಲು ಗಂಡಸರೆಲ್ಲ ಮುಖ ಮುಖ ನೋಡಿಕೊಂಡಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದಳು. ಮೇಲೆ ಬಂದು, "ತಮ್ಮ ತಂದು ಸುರೀತಾನೆ, ಅಕ್ಕ ಬಿಡಿಸ್ತಾಳೆ. ಮನೇಲೂ ಇದೇ ತಾನೇ ನನ್ನ ಹಣೇಬರಹ," ಎಂದು ನಕ್ಕಳು.

ಹೌದು, ಗುಜರಿ ಸಾಹುಕಾರನ ಟಿಪ್ಪರ್ ಓಡಿಸುತ್ತಿದ್ದವನು ನನ್ನ ತಮ್ಮ. ಆರಡಿ ಆಳು, ಬಾಗಿಲಿಗೆ ತಲೆ ಬಗ್ಗಿಸಿ ಬರಬೇಕು, ಹೆಸರು ಮಾತ್ರ ಪುಟ್ಟ. ಅವನಿಗೂ ನನಗೂ ಒಂದೇ ಕೋಪ, ಒಂದೇ ನಾಲಿಗೆ. ಒಂದು ರಜೆಯ ದಿನ ಅವನು ಹೊಸ ಲೋಡು ತಂದು, ನಾವು ಕಳೆ ಬಿಡಿಸಿದ್ದ ಜಾಗಕ್ಕೇ ಟಿಪ್ಪರನ್ನು ಹಿಂದಕ್ಕೆ ತೆಗೆದುಕೊಂಡು ಬಂದ. ನಾನು ಅಡ್ಡ ನಿಂತೆ. "ಆ ಕಡೆ ಸರಿಯೇ, ಹೊಟ್ಟೆಪಾಡು ಕಣೇ ಇದು," ಅಂದ. "ಊರಿನ ಹೊಟ್ಟೆಗೆ ಮಣ್ಣು ಹಾಕಿ ನಿನ್ನ ಹೊಟ್ಟೆ ತುಂಬಿಸ್ಕೋತೀಯಾ, ನಾಚಿಕೆಗೆಟ್ಟೋನೆ," ಅಂದೆ. ಅವನು ಇಳಿದು ಬಂದು ಎಲ್ಲರೆದುರು ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಸೆದ. ನನ್ನ ಕೈಯಲ್ಲಿ ಗುದ್ದಲಿ ಇತ್ತು. ಗುದ್ದಲಿಯ ಹಿಡಿಯಿಂದ ಬಾಯಿಗೆ ಕೊಟ್ಟೆ. ಮುಂದಿನ ಹಲ್ಲು ಎರಡು ಹೋದವು. ಬೀದಿಯವರು ಚಪ್ಪಾಳೆ ತಟ್ಟಿದರು. ಅವನು ರಕ್ತ ಉಗುಳಿ, ನನ್ನನ್ನಲ್ಲ, ಚಪ್ಪಾಳೆ ತಟ್ಟಿದವರನ್ನು ಒಬ್ಬೊಬ್ಬರನ್ನಾಗಿ ನೋಡಿ ಹೋದ.

ಅವತ್ತು ಅಕ್ಕ ಅಡುಗೆ ಮನೆಯಲ್ಲಿ ಅವನನ್ನು ಕೂರಿಸಿ ಬಾಯಿ ಮುಕ್ಕಳಿಸಲು ಉಪ್ಪು ನೀರು ಕೊಟ್ಟಳು. ನಾನು ಬಾಗಿಲ ಹೊರಗೆ ನಿಂತಿದ್ದೆ.

"ಅವಳ ಕೈಕಾಲು ಮುರೀತೀನಿ ಅಕ್ಕ. ಆ ಹಗ್ಗದೋರ್ದೆಲ್ಲ ಮುರೀತೀನಿ," ಅಂದ ಪುಟ್ಟ. ಹಲ್ಲಿಲ್ಲದೆ ಮಾತು ಬುಸ್ ಬುಸ್ ಎನ್ನುತ್ತಿತ್ತು.

"ಮುರಿಯೋ ಮಹರಾಯ. ಆಮೇಲೆ ಇಬ್ರಿಗೂ ನಾನೇ ತುತ್ತು ತಿನ್ನಿಸ್ತೀನಿ, ಇನ್ನೇನು ಕೆಲಸ ನಂಗೆ."

"ನೀನು ಆ ಕಡೆ ಹೋಗ್ಕೂಡದು. ಇನ್ಮೇಲೆ ಕೆರೆಗೆ ಕಾಲಿಡಲ್ಲ ಅಂತ ಮಾತು ಕೊಡು."

"ಆಯ್ತು ಬಿಡು, ಹೋಗಲ್ಲ," ಎಂದಳು ಅಕ್ಕ. ಅವನು ಹೋದ ಮೇಲೆ ನಾನು ರಂಪ ಮಾಡಿದೆ. ಅವಳಿಲ್ಲದಿದ್ದರೆ ಯಾರು ಇಳಿಯುತ್ತಾರೆ, ಇಷ್ಟು ದಿನದ ಕೆಲಸವೆಲ್ಲ ನೀರುಪಾಲು ಎಂದು ಕೂಗಾಡಿದೆ. "ಆಯ್ತು ಮಾರಾಯ್ತಿ, ಬರ್ತೀನಿ," ಎಂದಳು.

ಮುಂದಿನ ರಜೆಯ ಬೆಳಿಗ್ಗೆ ಅವಳು ಹಿತ್ತಿಲ ದಾರಿಯಲ್ಲಿ ಕೆರೆಗೆ ಬಂದಳು. ಪುಟ್ಟ ಬಂದು ನೋಡಿಕೊಂಡು ಹೋದನಂತೆ, ಇವಳು ಯಂತ್ರದ ಮುಂದೆ ಕುಳಿತು ಸ್ಕೂಲು ಸಮವಸ್ತ್ರ ಹೊಲಿಯುತ್ತಿದ್ದಳಂತೆ. "ಇವತ್ತು ಇಲ್ಲಿಂದ ಏಳಲ್ಲ ಕಣೋ, ನಾಳೆ ಕೊಡ್ಬೇಕು," ಎಂದಿದ್ದಳಂತೆ. ಅವನ ಬೆನ್ನು ಮರೆಯಾದದ್ದೇ ತಡ, ಎದ್ದು ಬಂದಿದ್ದಾಳೆ.

"ಹಸಿ ಸುಳ್ಳಿ," ಅಂದೆ.

"ಅವನಿಗೊಂದು ಮಾತು ಕೊಟ್ಟೆ, ನಿಂಗೊಂದು ಕೊಟ್ಟೆ. ಒಂದಾದ್ರೂ ಉಳಿಸ್ಕೋಬೇಡ್ವಾ?" ಎಂದು ನನ್ನ ತಲೆಗೆ ಮೊಟಕಿ ನೀರಿಗಿಳಿದಳು.

ಚಾಪೆ ದೊಡ್ಡದಿತ್ತು ಅವತ್ತು. ಸಾಲಿನಲ್ಲಿ ನಾನು ಎಲ್ಲರಿಗಿಂತ ಹಿಂದೆ, ನೀರಿಗೆ ಹತ್ತಿರ. ನನ್ನ ಮುಂದೆ ಔಷಧಿ ಅಂಗಡಿಯವರು, ತೆಳ್ಳಗೆ ಕಡ್ಡಿಯ ಹಾಗಿರುವ ಮನುಷ್ಯ. ಅವರ ಮುಂದೆ ಬೀದಿಯವರೆಲ್ಲ. ಎಲ್ಲರಿಗಿಂತ ಮುಂದೆ ನಮ್ಮ ಶಾಲೆಯಿಂದ ನಿವೃತ್ತರಾದ ಹೆಡ್‌ಮಿಸ್, ಬಿಳಿ ಕೂದಲು, ಕ್ಯಾನ್‌ವಾಸು ಶೂ. "ಹಿಡೀ... ಎಳೀ," ಎಂದು ಕೂಗುವುದು ನನ್ನ ಕೆಲಸ. ಚಾಪೆ ಜರುಗಿತು, ಕಿಂಡಿ ಬಿಟ್ಟಿತು, ಅಕ್ಕ ಮುಳುಗಿದಳು. ಅಂತರಗಂಗೆಯ ಎಲೆ ಸೊಂಟದೆತ್ತರ ಇದ್ದದ್ದರಿಂದ ದಡಕ್ಕೆ ಕಿಂಡಿ ಕಾಣುತ್ತಿರಲಿಲ್ಲ, ಅಕ್ಕನೂ ಕಾಣುತ್ತಿರಲಿಲ್ಲ. ಅವಳು ಕೆಳಗೆ ತಂತಿ ಜಗ್ಗಿದಾಗ ಹಗ್ಗ ನನ್ನ ಹೆಗಲಲ್ಲಿ ಸಣ್ಣಗೆ ಅದುರುತ್ತಿತ್ತು. ಅದರಿಂದಲೇ ನನಗೆ ಅವಳ ಕೆಲಸ ತಿಳಿಯುತ್ತಿತ್ತು.

ಟಿಪ್ಪರ್ ಬಂದ ಸದ್ದು ಎಲ್ಲರಿಗೂ ಕೇಳಿಸಿತು. ಹಿಂದಿನ ತೊಟ್ಟಿಯಿಂದ ಏಳೆಂಟು ಜನ ಕಬ್ಬಿಣದ ಕಂಬಿ ಹಿಡಿದು ಧುಮುಕಿದರು. ಬಾಯಿ ಮಾತಿಲ್ಲ, ಏನಿಲ್ಲ. ಮೊದಲನೇ ಏಟು ಹೆಡ್‌ಮಿಸ್ ಹಿಂದಿದ್ದ ನಮ್ಮ ಬೀದಿಯ ಪೇಂಟರನ ಮೊಣಕಾಲಿಗೆ ಬಿತ್ತು, ಕಟ್ಟಿಗೆ ಸೀಳಿದ ಹಾಗೆ ಸದ್ದಾಯಿತು. ಅವನು ಬಿದ್ದು ಅರಚಿಕೊಂಡ. ಮುಂದಿದ್ದವರು ಹಗ್ಗ ಬಿಟ್ಟು ಕಂಬಿಯವರ ಮೇಲೆ ಬಿದ್ದರು. ಅವರ ಹಿಂದಿನವರೂ ಬಿಟ್ಟರು. ಸಾಲಿನಲ್ಲಿ ನಿಂತವರಿಗೆ ತಮ್ಮ ಬೆನ್ನ ಹಿಂದೆ ಏನಾಗುತ್ತಿದೆ ಎಂದು ಕಾಣುವುದಿಲ್ಲವಲ್ಲ. ಒಬ್ಬೊಬ್ಬರೂ ತಮ್ಮ ಹಿಂದಿನವರು ಹಿಡಿದುಕೊಂಡಿದ್ದಾರೆ ಎಂದೇ ತಿಳಿದರು, ಬಿಟ್ಟು ಓಡಿದರು. ಅವರನ್ನು ಬೈದು ಏನು ಪ್ರಯೋಜನ? ಹಾಗೆ ನಿಂತು ಎಳೆಯುವುದನ್ನು ಕಲಿಸಿದವರು ನಾವೇ.

ಹಗ್ಗ ಒಮ್ಮೆಲೇ ಹಿಂದಕ್ಕೆ ಜಗ್ಗಿತು. ನಾನು ಹಿಮ್ಮಡಿ ಊರಿ, ಹಗ್ಗವನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿಕೊಂಡು ನೆಲಕ್ಕೆ ಕೂತೆ. "ಬಿಡ್ಬೇಡಿ ಸಾರ್, ಅಕ್ಕ ಒಳಗಿದಾಳೆ," ಎಂದು ಕೂಗಿದೆ. ಔಷಧಿ ಅಂಗಡಿಯವರು ಬಿಡಲಿಲ್ಲ. ಕನ್ನಡಕ ಎಲ್ಲೋ ಬಿದ್ದುಹೋಗಿ, ಕಣ್ಣು ಮುಚ್ಚಿಕೊಂಡು, ಅಷ್ಟು ಸಣ್ಣ ಮೈಯಲ್ಲಿ ಹಿಡಿದುಕೊಂಡಿದ್ದರು. ಒಬ್ಬ ಬಂದು ಅವರ ಬೆನ್ನಿಗೆ ಕಂಬಿಯಿಂದ ಬಾರಿಸಿದ. ಇನ್ನೊಂದು ಬಾರಿಸಿದ. ಮೂರನೆಯದಕ್ಕೆ ಅವರು ಮಗ್ಗುಲಾಗಿ ಬಿದ್ದು, ಬಿದ್ದಲ್ಲಿಯೇ ವಾಂತಿ ಮಾಡಿಕೊಂಡರು. ಹಗ್ಗ ನನ್ನೊಬ್ಬಳ ಸೊಂಟಕ್ಕೆ ಉಳಿಯಿತು. ಕರುಳು ಕಿತ್ತು ಬರುವ ಹಾಗೆ ಬಿಗಿಯಿತು.

ಆಗ ಪುಟ್ಟ ಎದುರಿಗೆ ಬಂದು ನಿಂತ. ಕೈಯಲ್ಲಿ ಮಚ್ಚು.

"ಏಳೇ," ಅಂದ. "ಗುದ್ದಲಿ ಎಲ್ಲಿ? ತಗೋ. ಎದ್ದು ಹೊಡಿ ಇವತ್ತು."

"ಪುಟ್ಟಾ, ಅಕ್ಕ ನೀರಲ್ಲಿದಾಳೆ. ಹಗ್ಗ ಹಿಡ್ಕೋ. ನಿನ್ನ ಕಾಲಿಗೆ ಬೀಳ್ತೀನಿ, ಹಿಡ್ಕೋ."

ಜೀವಮಾನದಲ್ಲಿ ಅವನ ಕಾಲಿಗೆ ಬೀಳುತ್ತೇನೆ ಎಂದವಳಲ್ಲ ನಾನು. ಅದಕ್ಕೇ ಅವನಿಗೆ ಸುಳ್ಳೆನಿಸಿತೋ ಏನೋ. "ಅಕ್ಕ ಮನೇಲಿದಾಳೆ. ಈಗ ತಾನೇ ನನ್ನ ಕಣ್ಣಾರೆ ನೋಡ್ಕೊಂಡು ಬಂದೆ. ಅವಳ ಹೆಸರು ಹೇಳಿ ತಪ್ಪಿಸ್ಕೋತೀಯಾ?" ಎಂದು ಮಚ್ಚಿನ ಹಿಂಬದಿಯಿಂದ ನನ್ನ ಎಡಗೈ ಮಣಿಕಟ್ಟಿಗೆ ಹೊಡೆದ. ಮೂಳೆ ಮುರಿದದ್ದು ನನಗೇ ಕೇಳಿಸಿತು. ಬಲಗೈ ಬಿಡಲಿಲ್ಲ. ಭುಜಕ್ಕೆ ಹೊಡೆದ. ತೊಡೆಗೆ ಹೊಡೆದ. "ತಿರುಗಿ ಹೊಡಿಯೇ! ಎಲ್ಲಿ ಹೋಯ್ತು ನಿನ್ನ ಪೌರುಷ?" ಎಂದು ಕಿರುಚಿದ. ನಾನು ಒಂದೇಟು ತಿಂದರೆ ಎರಡು ಕೊಡುವವಳು, ಅವತ್ತು ಕೂತಲ್ಲಿಂದ ಕದಲದೆ ಎಲ್ಲ ಏಟನ್ನೂ ತಿಂದೆ. ಸೊಂಟದಲ್ಲಿ ಹಗ್ಗ ಸಣ್ಣಗೆ ಅದುರುತ್ತಲೇ ಇತ್ತು. ಅಕ್ಕನಿಗೆ ಏನೂ ಗೊತ್ತಿಲ್ಲ, ಅವಳು ಕೆಳಗೆ ತಂತಿ ಬಿಡಿಸುತ್ತಿದ್ದಾಳೆ. ಒಂದು ಕ್ಷಣ ಮೇಲೆ ಬಂದು ಕೂಗಬಾರದೇ ಇವಳು ಎಂದು ಅವಳ ಮೇಲೂ ಕೋಪ ಬಂತು.

ನಾನು ತಿರುಗಿ ಹೊಡೆಯಲಿಲ್ಲ ಎಂಬುದು ಅವನ ತಲೆ ಕೆಡಿಸಿತು. "ಈ ಹಗ್ಗದ ಮೇಲೆ ತಾನೇ ನಿನ್ನ ಜೀವ ಇರೋದು?" ಎಂದವನೇ ಮಚ್ಚು ತಿರುಗಿಸಿ, ನನ್ನ ಬೆನ್ನ ಹಿಂದೆ, ಬಿಗಿದು ನಿಂತಿದ್ದ ಹಗ್ಗದ ಮೇಲೆ ಎರಡೇಟು ಹಾಕಿದ.

ಹಗ್ಗ ಕಡಿದು ಚಾಟಿಯ ಹಾಗೆ ಹಾರಿತು. ನಾನು ಮುಂದಕ್ಕೆ ಮುಗ್ಗರಿಸಿದೆ. ತಿರುಗಿ ನೋಡಿದರೆ ಚಾಪೆ ನಿಧಾನವಾಗಿ, ಏನೂ ಅವಸರವಿಲ್ಲದ ಹಾಗೆ, ಹಿಂದಕ್ಕೆ ಹೋಗಿ ಉಳಿದ ಕಳೆಗೆ ಸೇರಿಕೊಂಡಿತು. ಎಲ್ಲೆಲ್ಲೂ ಹಸಿರು.

ನಾನು ಕಿರುಚಿದೆ. ಬಸ್ಸಿನಲ್ಲಿ ಕೂಗುವ ಕೂಗಲ್ಲ ಅದು, ಜಗಳದ ಕೂಗೂ ಅಲ್ಲ. ಹುಟ್ಟಿದಾಗಿನಿಂದ ನನ್ನ ಅರಚಾಟ ಕೇಳಿ ಬೆಳೆದವನು ಪುಟ್ಟ. ಅಂಥದ್ದನ್ನು ಮಾತ್ರ ಎಂದೂ ಕೇಳಿರಲಿಲ್ಲ. ಮಚ್ಚು ಕೆಳಗಿಳಿಸಿದ.

"ನಿಜವಾಗ್ಲೂ ಇದಾಳಾ?" ಎಂದು ಕೇಳಿದ. ಸಣ್ಣ ಮಗುವಿನ ಹಾಗೆ ಕೇಳಿದ.

"ಅಲ್ಲಿ! ಚಾಪೆಯ ಆ ತುದೀಲಿ!"

ಅವನು ಮಚ್ಚಿನ ಸಮೇತ ನೀರಿಗೆ ಬಿದ್ದ. ಪುಟ್ಟನಿಗೆ ಈಜು ಬರುವುದಿಲ್ಲ. ಅಕ್ಕ ನನಗೆ ಕಲಿಸಿದಳು, ಅವನ ಸರದಿ ಬರುವಷ್ಟರಲ್ಲಿ ನೀರು ಕಪ್ಪಾಗಿ ಯಾರೂ ಇಳಿಯದಂತಾಗಿತ್ತು. ಅವನು ಕಳೆಯ ಮೇಲೆ ಹೊಟ್ಟೆ ಹಾಕಿ, ಮಂಡಿಯೂರಿ, ಮುಳುಗಿ, ಎದ್ದು, ಎಲೆಗಳನ್ನು ಬಾಚಿ ಹಿಡಿದು ತೆವಳಿಕೊಂಡು ಹೋದ. "ಅಕ್ಕಾ, ಅಕ್ಕಾ," ಎನ್ನುತ್ತಿದ್ದ. ಆ ತುದಿಗೆ ಹೋಗಿ ಮಚ್ಚೆತ್ತಿ ಕಳೆಯನ್ನು ಕಡಿಯತೊಡಗಿದ. ನಾನೂ ಒಂದೇ ಕೈಯಲ್ಲಿ ನೀರಿಗಿಳಿದೆ. ಯಾರೋ ಹಿಂದಿನಿಂದ ನನ್ನ ಕೂದಲು ಹಿಡಿದು ದಡಕ್ಕೆ ಎಳೆದುಕೊಂಡರು.

ನಮ್ಮವರೇ. ಅಷ್ಟರಲ್ಲಿ ಸಾಹುಕಾರನ ಕಡೆಯವರಿಗೆ ಚೆನ್ನಾಗಿ ಬಿದ್ದಿತ್ತು. ಒಬ್ಬ ಮುಖ ಜಜ್ಜಿಸಿಕೊಂಡು ಬಿದ್ದಿದ್ದ, ಉಳಿದವರು ಟಿಪ್ಪರ್ ಬಿಟ್ಟು ಓಡಿದ್ದರು. ನಮ್ಮ ಬೀದಿಯವರ ಮೈಮೇಲೆಲ್ಲ ರಕ್ತ, ಕಣ್ಣಲ್ಲಿ ಕೆಂಡ. ಅವರು ದಡಕ್ಕೆ ಬಂದಾಗ ಕಂಡದ್ದು ಇಷ್ಟು: ಕಡಿದ ಹಗ್ಗ, ಮುರಿದ ಕೈಯ ನಾನು, ಕೆರೆಯ ನಡುವೆ ಮಚ್ಚೆತ್ತಿ ಕಡಿಯುತ್ತಿರುವ ಪುಟ್ಟ.

"ಅಕ್ಕನ್ನ ಕಡೀತಿದಾನೆ!" ಎಂದು ಯಾರೋ ಕೂಗಿದರು.

"ಇಲ್ಲ! ಬಿಡಿಸ್ತಿದಾನೆ ಕಣ್ರೋ! ಬಿಡ್ರೋ ನನ್ನ!" ನಾನು ಎಷ್ಟು ಕೂಗಿದರೂ ಆ ಗದ್ದಲದಲ್ಲಿ ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ. ಮೂರು ಜನ ನನ್ನನ್ನು ಅಮುಕಿ ಹಿಡಿದಿದ್ದರು. ಅವರ ಲೆಕ್ಕದಲ್ಲಿ ನನ್ನನ್ನು ಕಾಪಾಡುತ್ತಿದ್ದರು. ಒಬ್ಬನ ಕೈ ಕಚ್ಚಿದೆ, ಬಾಯಿಗೆ ರಕ್ತ ಬಂತು, ಆದರೂ ಬಿಡಲಿಲ್ಲ.

ಪುಟ್ಟ ಅಷ್ಟರಲ್ಲಿ ಒಂದು ತೂತು ಕಡಿದಿದ್ದ. ಅದರೊಳಗೆ ತೋಳು ಹಾಕಿ ತಡಕಾಡಿ, ಜುಟ್ಟು ಹಿಡಿದು ಅಕ್ಕನ ತಲೆಯನ್ನು ಮೇಲಕ್ಕೆಳೆದ. ಕಪ್ಪು ಕೆಸರಿನ ಮುದ್ದೆ. ಕುತ್ತಿಗೆಗೆ, ಭುಜಕ್ಕೆ ಬೇರು, ತಂತಿ ಸುತ್ತಿಕೊಂಡಿದ್ದವು. ಅದನ್ನು ಕಡಿಯಲು ಅವನು ಮಚ್ಚೆತ್ತಿದ.

ಹೆಡ್‌ಮಿಸ್ ಅರ್ಧ ಇಟ್ಟಿಗೆ ಎತ್ತಿ ಬೀಸಿದರು. ಅವರು ಬೀಸಿದ್ದೇ ತಡ, ಎಲ್ಲರೂ ಶುರು ಮಾಡಿದರು. ದಡದಲ್ಲಿ ಇಟ್ಟಿಗೆ, ಕಾಂಕ್ರೀಟಿಗೆ ಏನು ಬರ? ಮೊದಲನೆಯದು ಅವನ ಕಿವಿಯ ಮೇಲೆ ಬಿತ್ತು. ಅವನು ಈ ಕಡೆ ತಿರುಗಿ ನೋಡಿದ, ಏನೋ ಹೇಳಲು ಬಾಯಿ ತೆರೆದ. ಇನ್ನೊಂದು ಬಾಯಿಗೇ ಬಿತ್ತು. ಅವನು ಮತ್ತೆ ತಿರುಗಿ, ನಮ್ಮ ಕಡೆ ಬೆನ್ನು ಮಾಡಿ, ಅಕ್ಕನ ಮೇಲೆ ಬಗ್ಗಿಕೊಂಡ. ಕಲ್ಲುಗಳೆಲ್ಲ ಅವನ ಬೆನ್ನಿಗೆ, ತಲೆಗೆ ಬೀಳತೊಡಗಿದವು. ಧಪ್ ಧಪ್ ಎನ್ನುವ ಆ ಸದ್ದು ನನಗೆ ಇವತ್ತಿಗೂ ಬಸ್ಸಿನ ಬಾಗಿಲು ಬಡಿದಾಗಲೆಲ್ಲ ಕೇಳಿಸುತ್ತದೆ. ಮಚ್ಚು ಕೈಜಾರಿತು. ಅವನು ಬೇರುಗಳನ್ನು ಬರಿಗೈಯಲ್ಲಿ ಕಿತ್ತು, ಅಕ್ಕನ ಕಂಕುಳಿಗೆ ಕೈಹಾಕಿ ಎತ್ತಿ ಕಳೆಯ ಮೇಲೆ ಮಲಗಿಸಿದ. ಆಗ ಒಂದು ದೊಡ್ಡ ಕಾಂಕ್ರೀಟು ತುಂಡು ಅವನ ನೆತ್ತಿಗೆ ಬಿತ್ತು. ತಾನೇ ಕಡಿದ ತೂತಿನಲ್ಲಿ ಅವನು ಕಾಲು ಮುಂದಾಗಿ ಜಾರಿಹೋದ. ಬೆರಳು ಒಂದಿಷ್ಟು ಹೊತ್ತು ಎಲೆ ಹಿಡಿದುಕೊಂಡಿತ್ತು.

ಆಮೇಲೆ ಎಲ್ಲರಿಗೂ ಅರ್ಥವಾಯಿತು. ಅಕ್ಕ ಅಲ್ಲಿ ಮಲಗಿದ್ದಾಳೆ, ಕಡಿದ ಗಾಯ ಒಂದೂ ಇಲ್ಲ, ಎತ್ತಿದವನು ಮಾತ್ರ ಇಲ್ಲ. ಒಬ್ಬೊಬ್ಬರ ಕೈಯಿಂದ ಕಲ್ಲು ಬಿದ್ದವು. ನನ್ನನ್ನು ಹಿಡಿದ ಕೈಗಳು ಸಡಿಲಾದವು. ನಾಲ್ಕು ಜನ ಹಗ್ಗ ಹಿಡಿದು ಹೋಗಿ ಅಕ್ಕನನ್ನು ದಡಕ್ಕೆ ತಂದರು. ಎಚ್ಚರವಿರಲಿಲ್ಲ, ಉಸಿರು ಮಾತ್ರ ಸಣ್ಣಗೆ ಆಡುತ್ತಿತ್ತು. ಪುಟ್ಟ ಸಿಗಲು ಹೊತ್ತು ಹಿಡಿಯಿತು. ಅವನನ್ನು ತಂದು ಅಂಗಾತ ಮಲಗಿಸಿದಾಗ ಔಷಧಿ ಅಂಗಡಿಯವರು, ನೆಟ್ಟಗೆ ಕೂರಲಾಗದ ಆ ಮನುಷ್ಯ, ತೆವಳಿಕೊಂಡು ಬಂದು ಅವನ ಎದೆ ಒತ್ತಿದರು. ಒತ್ತುತ್ತಲೇ ಇದ್ದರು. ಕೊನೆಗೆ ಯಾರೋ ಅವರ ಕೈ ಹಿಡಿದು, "ಸಾಕು ಸಾರ್," ಎಂದರು.

ಹೆಡ್‌ಮಿಸ್ ನನ್ನ ಹತ್ತಿರ ಬಂದು ನಿಂತರು. "ನಿಮ್ಮಕ್ಕನ್ನ ಉಳಿಸೋಕೆ ಹೊಡೆದೆ ಕಣಮ್ಮ. ಅವನು ಮಚ್ಚೆತ್ತಿದ. ನೀನೂ ನೋಡಿದೆಯಲ್ಲ, ಎತ್ತಿದ." ನನ್ನ ಬಲಗೈಗೆ ಒಂದು ಇಟ್ಟಿಗೆ ಸಿಕ್ಕಿತ್ತು. ಆ ಬಿಳಿ ತಲೆಗೆ ಕುಟ್ಟಿ ಕೊಂದುಬಿಡಬೇಕು ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಕೊಂದೇಬಿಡುತ್ತಿದ್ದೆ. ಅಷ್ಟರಲ್ಲಿ ಅಕ್ಕ ಕೆಮ್ಮಿದಳು.

ಇಟ್ಟಿಗೆ ಬಿಸಾಡಿ ಅವಳ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡೆ. ಕಪ್ಪು ನೀರು ಬಳಬಳನೆ ಕಾರಿಕೊಂಡಳು. ಕಣ್ಣಿಗೆ ಕೆಸರು ಮೆತ್ತಿಕೊಂಡು ರೆಪ್ಪೆ ಬಿಡಿಸಲು ಆಗುತ್ತಿರಲಿಲ್ಲ.

"ಪುಟ್ಟನ ದನಿ ಕೇಳಿಸ್ತು ಕಣೇ," ಎಂದಳು.

"ಬಂದಿದ್ದ."

"ಯಾರ್ಗೂ ಹೊಡೀಲಿಲ್ಲ ತಾನೇ?"

ಮುರಿದ ಕೈಯನ್ನು ಬೆನ್ನ ಹಿಂದೆ ಸರಿಸಿದೆ. "ಇಲ್ಲ ಅಕ್ಕ."

"ನನ್ನ ಜುಟ್ಟು ಹಿಡಿದು ಎಳೆದೋನು ಅವನೇ ಅಲ್ವಾ? ನಂಗೆ ಕೈ ಗೊತ್ತಾಯ್ತು." ಕೆಮ್ಮುತ್ತಲೇ ನಕ್ಕಳು. "ಎಲ್ಲಿದಾನೆ? ಕರಿ ಈ ಕಡೆ. ಒದ್ದೆ ಬಟ್ಟೇಲಿ ನಿಂತಿರ್ತಾನೆ ಪೆದ್ದ. ಬೈತೀನೇನೋ ಅಂತ ದೂರ ನಿಂತಿರ್ತಾನೆ. ಬೈಯಲ್ಲ ಅಂತ ಹೇಳು."

ಇನ್ನೊಂದು ಸುಳ್ಳು ಹೇಳೋಣವೆಂದು ಬಾಯಿ ತೆರೆದೆ, ಬರಲಿಲ್ಲ.

"ಬರಲ್ಲ ಅಕ್ಕ ಅವನು. ಕೊಂದ್ವಿ ಅವನ್ನ. ನಿನ್ನ ಕಡೀತಾನೆ ಅಂದ್ಕೊಂಡು ಕಲ್ಲು ಹೊಡೆದು ಕೊಂದ್ವಿ."

"ಯಾರು?"

"ನಾವು. ಬೀದಿಯವರು."

ಅಕ್ಕ ಎರಡು ಕೈಯಲ್ಲೂ ಕಣ್ಣಿನ ಕೆಸರು ಒರೆಸಿಕೊಂಡಳು. ನನ್ನನ್ನು ನೋಡಿದಳು. ತನ್ನ ಜೊತೆ ಇಷ್ಟು ದಿನ ದುಡಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ಅವಳ ಕಣ್ಣು ಪುಟ್ಟ ಮಲಗಿದ್ದ ಕಡೆ ಹೋಯಿತು. ನನ್ನ ತೊಡೆಯಿಂದ ಹೊರಳಿ, ಮೊಣಕೈ ಊರಿ, ಆ ಇಟ್ಟಿಗೆ ಚೂರುಗಳ ಮೇಲೆ ಅವನ ಕಡೆ ತೆವಳಿದಳು. ಹೆಡ್‌ಮಿಸ್ ದಾರಿ ಬಿಟ್ಟು ಸರಿದರು. ಅವಳನ್ನು ಎತ್ತಲು ಯಾರೂ ಮುಂದೆ ಬರಲಿಲ್ಲ. ನಾನೂ ಹೋಗಲಿಲ್ಲ, ಹೋಗುವ ಮುಖ ನನಗಿರಲಿಲ್ಲ.